ದೊಡ್ಡವ್ವನ ತಗಡು

ಮೊನ್ನೆ ಸಂಜೆ ಚಹಾ ಕುಡಿಯುತ್ತ ಕೂತಿದ್ದೆ. ಹೊರಗೆ ಸ್ಕೂಟರ್ ನಿಲ್ಲಿಸಲು ಹಾಕಿಸಿದ ತಗಡಿನ ಮೇಲೆ ಚೆಂಡೊಂದು ರಪ್ಪೆಂದು ಬಿತ್ತು. ತಲೆ ಎತ್ತದೆಯೇ 'ಗೇಟಿನ ಕಡೆ' ಎಂದೆ. ಹೆಂಡತಿ ನನ್ನನ್ನು ಒಂದು ಥರ ನೋಡಿದಳು. ನಾನು ಯಾರ ಕೈಯಲ್ಲಿ ಪಳಗಿದವನೆಂದು ಅವಳಿಗೇನು ಗೊತ್ತು.

ತೊಂಬತ್ತರ ದಶಕದ ಕೊಟ್ಟೂರು. ನಮ್ಮದು ತಗಡಿನ ಮನೆ. ಬೇಸಿಗೆಯಲ್ಲಿ ಅನ್ನದ ಜೊತೆ ನಾವೂ ಬೇಯುತ್ತಿದ್ದೆವು, ಅದಿರಲಿ. ಮನೆ ಮುಂದಿನ ಓಣಿಯೇ ನಮ್ಮ ಕ್ರಿಕೆಟ್ ಮೈದಾನ. ಚೆಂಡು ಪಡಸಾಲೆಯ ಮೇಲೆ ಬಿದ್ದರೆ ಸಿಕ್ಸರ್, ಅಡುಗೆಮನೆಯ ಮೇಲೆ ಬಿದ್ದರೆ ಔಟ್. ಕಾನೂನು ದೊಡ್ಡವ್ವನದು. ಅಡುಗೆಮನೆಯ ತಗಡು ಹಳೆಯದಾಗಿ, ಪೆಟ್ಟು ಬಿದ್ದರೆ ಸಾರಿಗೆ ತುಕ್ಕು ಉದುರುತ್ತಿತ್ತು. ಬೇವಿನ ಮರ ಅಡ್ಡವಿದ್ದುದರಿಂದ ಕಾರ್ಕ್ ಚೆಂಡು ಎಲ್ಲಿ ಬಡಿಯಿತೆಂದು ನಮಗೆ ಕಾಣುತ್ತಿರಲಿಲ್ಲ. ಒಳಗಿದ್ದ ದೊಡ್ಡವ್ವ ಸದ್ದಿನಲ್ಲೇ ಹೇಳುತ್ತಿದ್ದಳು. ಪಡಸಾಲೆಯ ತಗಡು ಟಣ್ಣೆನ್ನುತ್ತಿತ್ತು, ಮಸಿ ಹಿಡಿದ ಅಡುಗೆಮನೆಯದು ಧೊಪ್ಪೆನ್ನುತ್ತಿತ್ತು. ಗಾಳಿಗೆ ಹಾರದಿರಲೆಂದು ಹೇರಿದ ಕಲ್ಲಿನ ಹತ್ತಿರ ಬಿದ್ದರೆ ಸದ್ದು ಅಲ್ಲೇ ಸಾಯುತ್ತಿತ್ತು.

ಒಮ್ಮೆ ಮೇಲಿನ ಓಣಿಯವರ ಜೊತೆ ಪಂದ್ಯ. ಕೊನೆಯ ಚೆಂಡು, ಗೆಲ್ಲಲು ಸಿಕ್ಸರೇ ಬೇಕು, ಬ್ಯಾಟು ನನ್ನ ಕೈಯಲ್ಲಿ. ಕಣ್ಣು ಮುಚ್ಚಿ ಬೀಸಿದೆ. ನನ್ನ ಆಟದ ಪದ್ಧತಿಯೇ ಅದು. ತಗಡು ಸದ್ದು ಮಾಡಿತು. ಎರಡೂ ತಂಡದವರು ಒಳಗೆ ನುಗ್ಗಿದೆವು. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು.

'ಅಡಿಗಿ ಮನಿ ಮ್ಯಾಲೆ ಬಿದ್ದೈತಿ. ಔಟ್.'

'ರೊಟ್ಟಿ ಬಡಿಯೋ ಸಪ್ಪಳದಾಗ ನಿನಗೇನ್ ಕೇಳತೈತಿ ದೊಡ್ಡವ್ವಾ?' ಎಂದೆ, ಅಳು ತಡೆದುಕೊಂಡು.

ಅವಳು ನಾದಿಟ್ಟ ಹಿಟ್ಟು ತೋರಿಸಿದಳು. ಮೇಲೆಲ್ಲ ಕೆಂಪು ತುಕ್ಕು. 'ನನ್ನ ಕಿವಿ ನಂಬಬ್ಯಾಡ, ಹಿಟ್ಟು ನೋಡು. ಎಲ್ಲಾರೂ ಕುಂದರ್ರಿ, ರೊಟ್ಟಿ ತಿಂದು ಹೋಗ್ರಿ.'

ತುಕ್ಕು ಬಿದ್ದಷ್ಟನ್ನು ಚಿವುಟಿ ಎಸೆದು, ಗೆದ್ದವರಿಗೇ ಮೊದಲು ಬಡಿಸಿದಳು. ಸ್ವಂತ ದೊಡ್ಡವ್ವ ಹೀಗೆ ಮಾಡುವುದೇ ಎಂದು ಸಿಟ್ಟಿನಿಂದ ರೊಟ್ಟಿ ಮುರಿದೆ. ಅಡಿಯಲ್ಲಿ ನಿಂಬೆಹಣ್ಣಿನಷ್ಟು ಬೆಣ್ಣೆ ಅಡಗಿತ್ತು. ಪಕ್ಕದವರ ತಟ್ಟೆಯಲ್ಲಿ ಬರೀ ಚಟ್ನಿ. ಸಿಟ್ಟು ಬೆಣ್ಣೆಗಿಂತ ಬೇಗ ಕರಗಿತು.

ಮೊನ್ನೆಯ ಚೆಂಡಿನ ಹಿಂದೆಯೇ ಓಣಿಯ ಮಕ್ಕಳು ಜಗಳವಾಡುತ್ತ ಬಂದರು. ಮುಂದೆ ಬ್ಯಾಟು ಹಿಡಿದ ನನ್ನ ಮಗಳು. ಗೋಡೆಯ ಕಡೆ ಬಿದ್ದರೆ ಸಿಕ್ಸರಂತೆ, ಗೇಟಿನ ಕಡೆ ಬಿದ್ದರೆ ಔಟಂತೆ.

'ಅಪ್ಪಾಜಿ, ಎಲ್ಲಿ ಬಿತ್ತು? ಖರೇ ಹೇಳು.'

ಆ ಮುಖ ನೋಡಿದರೆ ಗೋಡೆಯ ಕಡೆ ಎಂಬ ಸುಳ್ಳು ನಾಲಿಗೆಯ ತುದಿಗೇ ಬಂದುಬಿಟ್ಟಿತು. ದೊಡ್ಡವ್ವನಿಗೂ ಅಂದು ಹೀಗೇ ಬಂದಿರಬೇಕು. ಇಷ್ಟು ವರ್ಷ ನನಗದು ಹೊಳೆದಿರಲೇ ಇಲ್ಲ.

'ಗೇಟಿನ ಕಡಿ. ಔಟಾದಿ ಮಗಳ.'

ಅವಳು ಕಾಲು ಅಪ್ಪಳಿಸುತ್ತ ಒಳಗೆ ಹೋದಳು. ನನಗೋ ಹೇಳಲಾರದ ಖುಷಿ. ಹೆಂಡತಿಯನ್ನು ಕೇಳಿದೆ, 'ಬೆಣ್ಣಿ ಎಲ್ಲಿಟ್ಟೀಯ?'