ಕನ್ನಡಿ ಭಾವನ ಗೀರು

ಬೀದಿಯವರೆಲ್ಲ ಅವರನ್ನು ಕನ್ನಡಿ ಭಾವ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಭಾವನಾಗಿದ್ದದ್ದು ಒಬ್ಬನಿಗೆ ಮಾತ್ರ, ಹಿತ್ತಲ ಶೆಡ್ಡಿನಲ್ಲಿ ಕುಲುಮೆ ಇಟ್ಟುಕೊಂಡಿದ್ದ ಹೆಂಡತಿಯ ತಮ್ಮನಿಗೆ. ಅವನು ದಿನವಿಡೀ ‘ಭಾವ, ಭಾವ’ ಎಂದು ಕೂಗಿ ಕೂಗಿ ಅದು ಊರ ಬಾಯಿಗೇ ಬಂತು. ಕೆಲಸಕ್ಕಿದ್ದ ಪಾತ್ರೆ ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಮುಖ ಜೋಲು ಹಾಕಿ ಕೂತಿದ್ದವರನ್ನು, “ಸುಮ್ನೆ ಕೂತು ಅಕ್ಕನ ತಲೆ ತಿನ್ಬೇಡಿ, ಬನ್ನಿ” ಎಂದು ಚಾಕು ಉಜ್ಜುವ ಕೆಲಸಕ್ಕೆ ಎಳೆದು ತಂದವನೂ ಅವನೇ.

ಕುಲುಮೆಯವನು ತುಕ್ಕು ಹಿಡಿಯದ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಬಡಿದು, ಚಾಕುವಿನ ಅಲಗು ಮಾಡುತ್ತಿದ್ದ. ಆಗ ಅದು ನೋಡಲು ಸಾದಾ ಸ್ಟೀಲು. ಪದರ ಎದ್ದು ಕಾಣುವಂತೆ ಮಾಡುವುದು ಭಾವನ ಪಾಲು. ಒರಟಿನಿಂದ ನಯಕ್ಕೆ ಎಮರಿ ಪೇಪರ್ ಬದಲಿಸುತ್ತ ಒಂದು ಗೀರೂ ಉಳಿಯದಂತೆ ಕನ್ನಡಿಯ ಹಾಗೆ ಉಜ್ಜಿ, ಸೋಪಿನಲ್ಲಿ ತೊಳೆದು, ಬೆರಳು ತಾಗಿಸದೆ ತಂತಿಯಲ್ಲಿ ಕಟ್ಟಿ ಬೆಚ್ಚನೆಯ ಆಸಿಡ್ಡಿಗೆ ಇಳಿಬಿಡಬೇಕು. ಒಂದು ಉಕ್ಕು ಕಪ್ಪಾಗುತ್ತದೆ, ಇನ್ನೊಂದು ಬೆಳ್ಳಗೇ ಉಳಿಯುತ್ತದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿ ತೆಗೆದರೆ ಬಳುಕುವ ಗೆರೆಗಳು, ನೋಡುತ್ತಲೇ ಇರಬೇಕು ಅನಿಸುತ್ತದೆ. ಉಜ್ಜುವಾಗ ಮೈಗಳ್ಳತನ ಮಾಡಿದ್ದರೆ ಅದೂ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಕುಲುಮೆಯವನ ಉಕ್ಕಿನ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಅಲಗಿನ ತುದಿ ಮುರಿಯಿತೆಂದು ಬಂದ ಗಿರಾಕಿಗೇ ಉಗಿದು ಕಳಿಸಿದ ಪುಣ್ಯಾತ್ಮ. ಭಾವನೇನು ಕಮ್ಮಿಯೇ? “ನನ್ನ ಅಲಗಲ್ಲಿ ಗೀರು ಕಂಡ ದಿನ ಎಮರಿ ಪೇಪರ್ ಕೆಳಗಿಡ್ತೀನಿ, ಮತ್ತೆ ಮುಟ್ಟಲ್ಲ” ಎಂದು ಶಪಥ ಮಾಡಿದವರು.

ಈಗ ಅವರ ಕಣ್ಣು ಮಂಜಾಗಿತ್ತು. ಇರುವಷ್ಟನ್ನು ಉಳಿಸಿಕೊಳ್ಳಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಅದನ್ನು ಭಾವ ಯಾರಿಗೂ ಹೇಳಿರಲಿಲ್ಲ. ಈ ಕೆಲಸವೂ ಹೋದರೆ ಮತ್ತೆ ಆ ಕುರ್ಚಿ, ಆ ಗೋಡೆ. ಆದರೆ ಸಂಜೆ ಉಜ್ಜಿಟ್ಟ ಅಲಗುಗಳು ಮರುದಿನ ಆಸಿಡ್ಡಿನಿಂದ ಕನ್ನಡಿಯಂತೆಯೇ ಹೊರಬರುತ್ತಿದ್ದವು. ಕೈ ಪಳಗಿದ ಮೇಲೆ ಕಣ್ಣು ಯಾಕೆ ಎಂದು ಒಳಗೊಳಗೇ ಬೀಗಿದ್ದರು.

ಒಂದು ಮುಂಜಾನೆ ಕುಲುಮೆಯವನು ಉಕ್ಕು ತರಲು ಹೋಗಿದ್ದ. ಭಾವ ಕಾಯದೆ ತಾವೇ ಅಲಗನ್ನು ಆಸಿಡ್ಡಿಗೆ ಇಳಿಸಿದರು. ಸೋಡಾ ನೀರಿನಿಂದ ತೆಗೆದು ಒರೆಸಿ ಹೆಬ್ಬೆರಳ ಉಗುರು ಎಳೆದರೆ ಏನೋ ತಡೆಯಿತು. ಹೆಂಡತಿಯನ್ನು ಕರೆದು ತೋರಿಸಿದರು.

“ಗೀರು ಇದೆ ಕಣ್ರೀ. ತುಂಬಾನೇ ಇದೆ” ಎಂದಳು ಆಕೆ, ಮೆಲ್ಲಗೆ.

ಭಾವ ಏಪ್ರನ್ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟು ಕೂತರು. ಕುಲುಮೆಯವನು ಬಂದವನೇ ಏಪ್ರನ್ ನೋಡಿದ, ಅಲಗು ನೋಡಿದ.

“ನಾನು ಬರೋದ್ರೊಳಗೆ ಅದ್ದೋಕೆ ಯಾರು ಹೇಳಿದ್ರು ನಿಮಗೆ?” ಎಂದು ರೇಗಿದ. ಆಮೇಲೆ ದನಿ ಇಳಿಸಿ, “ಇದು ನಿಮ್ಮ ತಪ್ಪಲ್ಲ ಭಾವ. ನನ್ನ ಉಕ್ಕೇ ಸರಿಯಿಲ್ಲ. ಪದರ ಬಿಟ್ಕೊಂಡಿದೆ” ಎಂದ.

ಅಕ್ಕ ಬಾಯಿ ತೆರೆದು ತಮ್ಮನನ್ನೇ ನೋಡಿದಳು. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಈ ಮಾತು ಅವಳು ಕೇಳಿರಲಿಲ್ಲ.

ಭಾವ ಮತ್ತೊಮ್ಮೆ ಉಗುರು ಎಳೆದರು. ಪದರ ಬಿಟ್ಟಿದ್ದರೆ ಬಿರುಕು ಗೆರೆಯ ಜೊತೆ ಬಳುಕಬೇಕು. ಇದು ಹಿಡಿಯ ಕಡೆಯಿಂದ ತುದಿಯವರೆಗೆ ನೆಟ್ಟಗಿತ್ತು, ಅವರ ಕೈ ಓಡಿದ ಹಾಗೇ.

“ಉಕ್ಕು ಚಿನ್ನದಂಗಿದೆ. ಎಷ್ಟು ದಿನದಿಂದ ನನ್ನ ಅಲಗು ಉಜ್ತಾ ಇದ್ದೀಯೋ?”

“ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ, ಒಂಚೂರು.”

“ಹೇಳೋದಲ್ವಾ?”

“ಹೇಳಿದ್ರೆ ಪೇಪರ್ ಕೆಳಗಿಡ್ತಿದ್ರಿ. ಆಮೇಲೆ ನಾನು ಯಾರ ಹತ್ರ ಜಗಳ ಆಡ್ಲಿ?”

ಭಾವ ಅಲಗನ್ನು ಮೇಜಿನ ಮೇಲಿಟ್ಟರು. “ಒಡಹುಟ್ಟಿದವರೂ ಇಷ್ಟು ಮಾಡಲ್ಲ ಕಣೋ. ನಿನ್ನ ಋಣ ತೀರಿಸೋಕಾಗಲ್ಲ” ಎಂದರು. “ಆದ್ರೆ ಶಪಥ ಮಾಡಿದ್ದೆ.”

“ಅದನ್ನ ಆಸಿಡ್ಡಿಗೆ ಹಾಕಿ.”

ಭಾವ ನಕ್ಕುಬಿಟ್ಟರು. ಏಪ್ರನ್ ಕಟ್ಟಿಕೊಂಡು ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಉಜ್ಜೋದು ನಾನೇ. ನೋಡೋದು ನೀನು. ಇಲ್ಲೇ ಕೂತು ನೋಡು, ಕದ್ದು ಬೇಡ.”

ಅವನು ಕೂತ. “ಎಡಕ್ಕೆ ಒಂಚೂರು, ಭಾವ. ಒತ್ತಿ. ಅಲಗಿಗೆ ಬೆಣ್ಣೆ ಸವರ್ತಿದ್ದೀರಾ?”

ಭಾವ ಬೈಸಿಕೊಳ್ಳುತ್ತ, ಖುಷಿಯಾಗಿ ಉಜ್ಜಿದರು.