ರೊಟ್ಟಿ ಹೆಚ್ಚಾಗ್ಯಾವ

ಮೂವತ್ತು ವರ್ಷಕ್ಕೂ ಮೇಲೆ ದನಗಳ ಹೊಟ್ಟೆ ನೋಡಿಕೊಂಡು ಸರ್ಕಾರದ ಸಂಬಳ ತೆಗೆದುಕೊಂಡವನು ನಾನು. ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆಯ ದನದ ದವಾಖಾನೆಗಳಲ್ಲೇ ನನ್ನ ನೌಕರಿ ಮುಗಿಯಿತು. ಹೊಟ್ಟೆ ಉಬ್ಬಿದ ಎಮ್ಮೆ ಬಂದರೆ ಅದು ಏನು ತಿಂದಿದೆ, ಎಷ್ಟು ತಿಂದಿದೆ ಎಂಬುದನ್ನು ಹಗ್ಗ ಹಿಡಿದು ನಿಂತವನ ಮುಖ ನೋಡಿಯೇ ಹೇಳುತ್ತಿದ್ದೆ. ಅಂಥವನಿಗೆ ನಿವೃತ್ತಿಯಾದ ಮೇಲೆ ಎರಡೂವರೆ ವರ್ಷದ ಒಂದು ಹೊಟ್ಟೆಯನ್ನು ಸಂಭಾಳಿಸಲು ಬರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಆ ಹೊಟ್ಟೆಯ ಒಡತಿ ನನ್ನ ಮೊಮ್ಮಗಳು ಈರಮ್ಮ. ನನ್ನ ತಾಯಿಯ ಹೆಸರು. ಸೊಸೆ ಸುಜಾತಾಗೆ ಅದು ಹಳೆಯದಾಗಿ ಕಂಡು, ಕತ್ತರಿಸಿ 'ಇರಾ' ಮಾಡಿಕೊಂಡಿದ್ದಾಳೆ. ನನಗೆ ಎರಡೂ ಕರೆಯಲು ಬರುವುದಿಲ್ಲ. ಹೆತ್ತ ತಾಯಿಯ ಹೆಸರು ಹಿಡಿದು ಕೂಗುವುದು ಹೇಗೆ? ಅದಕ್ಕೇ 'ಅವ್ವಾ' ಎನ್ನುತ್ತೇನೆ. ಇದರಲ್ಲಿ ಒಂದು ತೊಡಕಿದೆ. ಅವ್ವಾ ಎಂದು ಕರೆದ ಮೇಲೆ ಗದರಿಸಲು ಬಾಯಿ ಬರುವುದಿಲ್ಲ. ತಿನ್ನಲು ಕೇಳಿದರೆ ಬೇಡ ಎನ್ನಲು ಇನ್ನೂ ಕಷ್ಟ.

ಅವಳು ಕೇಳುವುದೋ, ಬೆಳಗಾದರೆ ಸಾಕು. ಹಾಲು ಅನ್ನ ಉಂಡು ಬಟ್ಟಲು ತೊಳೆಯುವುದರೊಳಗೆ ರೊಟ್ಟಿ ಬೇಕು. ರೊಟ್ಟಿ ಕೈಯಲ್ಲಿರುವಾಗಲೇ ಬಾಳೆಹಣ್ಣಿನ ಮೇಲೆ ಕಣ್ಣು. ನಾನು ಮಂಡಕ್ಕಿಯ ವಗ್ಗರಣಿ ತಿನ್ನಲು ಕೂತರೆ ತಟ್ಟೆಯ ಆ ಕಡೆಗೆ ಅವಳೂ ಕೂತಿರುತ್ತಾಳೆ, ಒಂದೊಂದೇ ಮಂಡಾಳು ಆರಿಸುತ್ತ. ದನಕ್ಕೆ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುತ್ತವೆ, ಆದರೂ ಅದು ಮೇಯುವಷ್ಟು ಮೇಯ್ದು ಬೇವಿನ ನೆರಳಿಗೆ ಮಲಗಿ ಮೆಲುಕು ಹಾಕುತ್ತದೆ. ಅಲ್ಲಿ ಒಂದು ಬಿಡುವು, ಒಂದು ಮರ್ಯಾದೆ ಇದೆ. ಈರಮ್ಮನಿಗೆ ಇರುವುದು ಒಂದೇ ಕೋಣೆ. ಅದಕ್ಕೆ ಬಾಗಿಲು ಮುಚ್ಚುವ ಹೊತ್ತೆಂಬುದಿಲ್ಲ.

ನೋಡಿ ನಗುವ ಹಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಒಂದೇ ತಿಂಗಳಲ್ಲಿ ಎರಡು ಸಲ ಮಗುವಿನ ಹೊಟ್ಟೆ ಕೆಟ್ಟಿತು. ದಿನಕ್ಕೆ ನಾಲ್ಕು ಹೊತ್ತು ಕೊಡಿ, ನಡುವೆ ಏನೂ ಬೇಡ ಎಂದರು ಡಾಕ್ಟರು. ಸುಜಾತಾಗೆ ಮಸ್ಕಿಯ ಒಂದು ಕಚೇರಿಯಲ್ಲಿ ಕೆಲಸ. ಮಸ್ಕಿ ಇರುವುದು ನಾವಿರುವ ಸಿಂಧನೂರಿಗೂ ಲಿಂಗಸುಗೂರಿಗೂ ನಡುವೆ. ಈ ಕಡೆಯಿಂದ ಬಸ್ಸು ಹತ್ತಿದರೂ ಆ ಕಡೆಯಿಂದ ಹತ್ತಿದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅವಳ ತವರು ಲಿಂಗಸುಗೂರು. ಭೂಗೋಳ ಹೀಗೆ ನನ್ನ ವಿರುದ್ಧ ನಿಂತಿತ್ತು.

"ಇನ್ನೊಮ್ಮಿ ಹಿಂಗಾದ್ರ ಕೂಸಿನ್ನ ಲಿಂಗಸುಗೂರಾಗ ಇಟ್ಟು ನಾನೂ ಅಲ್ಲಿಂದಾನ ಡ್ಯೂಟಿ ಮಾಡ್ತೀನ್ರಿ ಮಾವಾರ," ಎಂದಳು. ಸಿಟ್ಟಿರಲಿಲ್ಲ, ಅದೇ ಹೆದರಿಕೆಯ ವಿಷಯ. ಮಗ ಅಕ್ಕಿ ಗಿರಣಿಗೆ ಹೊತ್ತಾಯಿತೆಂದು ಬೈಕಿನ ಕೀಲಿ ಹುಡುಕತೊಡಗಿದ. ಆ ಕೀಲಿ ಅವನ ಕೈಯಲ್ಲೇ ಇತ್ತು.

ಕೆಲಸಕ್ಕೆ ಹೋಗುವ ಮುಂಚೆ ಸುಜಾತಾ ಉಪಾಯವನ್ನೂ ಹೇಳಿದಳು. "ಕೇಳಿದ್ರ ಇಲ್ಲ ಅನ್ರಿ. ಖಾಲಿ ಆಗೈತಿ ಅನ್ರಿ. ಅಷ್ಟ ಸಾಕು."

ಅಷ್ಟೇ ಸಾಕಾಗಿತ್ತು, ಆದರೆ ಆ ಎರಡು ಮಾತಿಗೆ ನಮ್ಮ ಅಡುಗೆಮನೆಯಲ್ಲಿ ಪ್ರವೇಶವಿಲ್ಲ. ಅಲ್ಲಿ ನನ್ನ ಹೆಂಡತಿಯ ಕಾನೂನು ನಡೆಯುತ್ತದೆ. ಅಕ್ಕಿ ತೀರಿದರೆ ಅವಳು ತೀರಿತು ಎನ್ನುವುದಿಲ್ಲ, "ಅಕ್ಕಿ ಹೆಚ್ಚಾಗ್ಯಾವ, ತರ್ರಿ" ಎನ್ನುತ್ತಾಳೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾಳೆ. ಬಳೆ ಒಡೆಯುವುದಿಲ್ಲ, ಅವೂ ಹೆಚ್ಚಾಗುತ್ತವೆ. ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ "ಉಪ್ಪು ಇಲ್ಲೇನ?" ಎಂದು ಕೇಳಿ, ಉಪ್ಪಿಲ್ಲದ ಸಾರು ಉಂಡಿದ್ದೇನೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅವಳು ಹುಟ್ಟಿದ್ದು ಮಸ್ಕಿ ಕಡೆಯ ಒಣಭೂಮಿಯ ಊರಲ್ಲಿ. ಈಗ ಸಿಂಧನೂರಿನ ಪಕ್ಕ ಗೊರೇಬಾಳದ ಕಡೆ ಹೋದರೆ ಕಣ್ಣು ಹರಿಯುವತನಕ ಕಾಲುವೆ ನೀರು, ಭತ್ತ. ಅಲ್ಲಿ ನಿಂತವನು 'ಇಲ್ಲ' ಎಂದರೆ ಏನೂ ಕೆಡುವುದಿಲ್ಲ. ಇಲ್ಲ ಎಂಬುದನ್ನು ದಿನಾ ಮನೆಯೊಳಗೆ ಕಂಡವರು ಮಾತ್ರ ಅದರ ಹೆಸರೆತ್ತಲು ಅಂಜುತ್ತಾರೆ. ಖಾಲಿ ಬುಟ್ಟಿಗೆ 'ಹೆಚ್ಚಾಗಿದೆ' ಎಂದವಳು ಯಾರೋ ಬಹಳ ಜಾಣೆ ಇರಬೇಕು. ಹಸಿವನ್ನು ಗೆಲ್ಲಲಾಗದಿದ್ದರೂ ಅದಕ್ಕೆ ಹೆದರಿಲ್ಲವೆಂದು ತೋರಿಸಿದಳಲ್ಲ.

ಆದರೆ ಆ ಜಾಣೆಯ ಲೆಕ್ಕದಲ್ಲಿ ಈರಮ್ಮ ಇರಲಿಲ್ಲ. ಸುಜಾತಾ ಭಾನುವಾರ ಭಾನುವಾರ ಮಗಳನ್ನು ಕೂರಿಸಿಕೊಂಡು ಶೇಂಗಾದ ಎರಡು ಗುಂಪು ಮಾಡಿ "ಇದು ಹೆಚ್ಚು, ಇದು ಕಡಿಮಿ" ಎಂದು ಕಲಿಸುತ್ತಿದ್ದಳು. ಕೂಸು ಚೆನ್ನಾಗಿಯೇ ಕಲಿತಿತ್ತು. ಹೆಚ್ಚು ಎಂದರೆ ದೊಡ್ಡ ಗುಂಪು. ಹೀಗಿರುವಾಗ ಅಜ್ಜಿ ಬುಟ್ಟಿ ಮುಚ್ಚಿ "ರೊಟ್ಟಿ ಹೆಚ್ಚಾಗ್ಯಾವವ್ವಾ" ಎಂದರೆ ಅದು ಏನೆಂದು ತಿಳಿಯಬೇಕು? ಮುಖ ಅರಳಿಸಿ, ಕಾಲು ಚಾಚಿ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಳ್ಳುತ್ತಿತ್ತು. ಕಾಯುತ್ತಿತ್ತು. ಬರದಿದ್ದರೆ ಅಳುತ್ತಿತ್ತು. ನಾವು ಅದನ್ನು ಹೊಟ್ಟೆಬಾಕತನ ಎಂದುಕೊಂಡೆವು.

ಬುಧವಾರ ಮಧ್ಯಾಹ್ನ ನಾಗರ ಪಂಚಮಿಗೆ ಮಾಡಿ ಉಳಿದಿದ್ದ ಶೇಂಗಾ ಉಂಡಿಯ ಡಬ್ಬಿ ಅವಳ ಕಣ್ಣಿಗೆ ಬಿತ್ತು. ಒಂದು ಉಂಡಿ ಕೊಟ್ಟು ಮುಚ್ಚಳ ಹಾಕಿದ ನನ್ನ ಹೆಂಡತಿ, "ಉಂಡಿ ಹೆಚ್ಚಾಗ್ಯಾವವ್ವಾ, ಸಾಕಿನ್ನ," ಎಂದಳು. ಒಳಗೆ ಇನ್ನೂ ಏಳೆಂಟು ಇದ್ದವು. ಎಂದೂ ಇಲ್ಲದ್ದು, ಅಂದು ಆ ಮಾತು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಡಬ್ಬಿ ಅಲ್ಲಾಡಿಸಿದ ಕೂಸಿಗೆ ಅದು ಗೊತ್ತೂ ಆಯಿತು. "ಹೆಚ್ಚು ಐತಿ! ಕೊಡು!" ಎಂದು ನೆಲಕ್ಕೆ ಬಿದ್ದು ಅತ್ತ ಅಳುವಿನಲ್ಲಿ ಹಸಿವಿಗಿಂತ ಮೋಸ ಹೋದವರ ಸಂಕಟವಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನಾನು, ಅನುಭವಿ, ದೊಡ್ಡವನು, ಇನ್ನೆರಡು ಉಂಡಿ ತೆಗೆದುಕೊಟ್ಟೆ. ಅದೇ ಸಂಜೆ ಹೊಟ್ಟೆ ಕೆಟ್ಟಿತು. ಮಸ್ಕಿಯಿಂದ ಬಂದ ಸುಜಾತಾ ಮಗಳಿಗೆ ಔಷಧ ಕುಡಿಸಿ, ತವರಿಗೆ ಫೋನು ಮಾಡಿ, "ಭಾನುವಾರ ಬರ್ತೀವಬೇ," ಎಂದಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಗುರುವಾರ ಬೆಳಿಗ್ಗೆ, ಗಂಜಿ ಕುಡಿದ ಕೂಸು ಹಿತ್ತಲಿಗೆ ಬಂದು ರೊಟ್ಟಿ ಕೇಳಿತು. ಹಿತ್ತಲಿಗೆ ಅಡುಗೆಮನೆಯ ಕಾನೂನು ಅನ್ವಯಿಸುವುದಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಸುತ್ತ ನೋಡಿ, ದನಿ ತಗ್ಗಿಸಿ, "ಈಗ ಇಲ್ಲವ್ವಾ," ಎಂದೆ.

"ಇಲ್ಲಾ?"

"ಇಲ್ಲ. ಮಧ್ಯಾಹ್ನ ಕೊಡ್ತೀನಿ."

"ಹೂಂ," ಎಂದಳು. ಎಂದು ಪಕ್ಕದ ಮನೆಯ ಕೋಳಿಮರಿಯ ಹಿಂದೆ ಹೋದಳು.

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ಇಷ್ಟು ದಿನ ತಳವಿಲ್ಲ ಎಂದುಕೊಂಡಿದ್ದ ಹಸಿವಿಗೆ ತಳ ಇತ್ತು. ಆ ಕೂಸು ಹಸಿದು ಕೂತಿರಲಿಲ್ಲ, ನಮ್ಮ ಮಾತು ನಂಬಿ ಕೂತಿತ್ತು. ದೊಡ್ಡ ಗುಂಪು ಒಂದು ಒಳಗಿದೆ, ಇವರೇ ಹೇಳುತ್ತಿದ್ದಾರೆ, ಇನ್ನೇನು ತರುತ್ತಾರೆ ಎಂದು. ಮೂಕ ದನಗಳ ಹೊಟ್ಟೆ ತಿಳಿದಿದ್ದ ನನಗೆ ಮಾತು ಬಲ್ಲ ಮಗುವಿನ ಹೊಟ್ಟೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಂದಿನಿಂದ ನಾನು ಇದ್ದುದನ್ನು ಇದ್ದ ಹಾಗೆ ಹೇಳತೊಡಗಿದೆ. ಬಾಳೆಹಣ್ಣು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? "ಏನ್ ಮಾತಾಡಾಕತ್ತೀರಿ, ಬಾಯಾಗ ಬರೀ ಇಲ್ಲ ಇಲ್ಲ," ಎಂದು ಅರ್ಧ ದಿನ ಮುಖ ತಿರುವಿದಳು. ಶನಿವಾರ ಮಾತ್ರ, ಕೂಸು ಬಂದು ಕೈ ಚಾಚಿದಾಗ, ತಾನೇ "ಈಗ ರೊಟ್ಟಿ ಇಲ್ಲ ತಾಯಿ," ಎಂದಳು. ಎಂದವಳೇ ಅನ್ನಪೂರ್ಣೆಯ ಪಟದ ಕಡೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡಳು. ಕೂಸು ಹೂಂ ಎಂದು ಆಡಲು ಹೋಯಿತು.

ಸುಜಾತಾ ಇದನ್ನೆಲ್ಲ ನೋಡಿದಳು. ಮೂರು ದಿನದಿಂದ ಕೂಸು ಹೊತ್ತಿಗೆ ಸರಿಯಾಗಿ ಉಂಡು ಗುಂಡುಕಲ್ಲಿನಂತೆ ಇತ್ತು. "ಖರೇನ ಸುಧಾರಿಸ್ಯಾಳ್ರಿ," ಎಂದು ಒಪ್ಪಿಕೊಂಡಳು. "ಆದ್ರ ಅವ್ವಗ ಮಾತು ಕೊಟ್ಟೀನಿ. ಒಂದು ತಿಂಗಳು ಅಲ್ಲಿರ್ತೀವ್ರಿ, ಆಮ್ಯಾಲ ನೋಡೂಣು." ಒಂದು ತಿಂಗಳು ಎಂಬುದು ಹೆಚ್ಚೋ ಕಡಿಮೆಯೋ, ಶೇಂಗಾ ಇಟ್ಟು ತೋರಿಸುವವರು ಯಾರೂ ಇರಲಿಲ್ಲ.

ಭಾನುವಾರ ಸಿಂಧನೂರು ಬಸ್‌ಸ್ಟ್ಯಾಂಡಿಗೆ ನಾನೇ ಬ್ಯಾಗು ಹೊತ್ತು ಹೋದೆ. ಲಿಂಗಸುಗೂರು ಬಸ್ಸಿನಲ್ಲಿ ಸುಜಾತಾಗೆ ಕಿಟಕಿಯ ಸೀಟು ಸಿಕ್ಕಿತು. ಅವಳ ತೊಡೆಯ ಮೇಲೆ ನಿಂತ ಈರಮ್ಮ ಕಿಟಕಿಗೆ ಮುಖ ಹಚ್ಚಿ, ಸ್ಪಷ್ಟವಾಗಿ, "ತಾತಾ, ನಾ ಹೋಗ್ತೀನಿ," ಎಂದಳು.

ಇದ್ದುದನ್ನು ಇದ್ದ ಹಾಗೆ ಹೇಳಿದ್ದಳು, ಪಾಪ. ನನ್ನ ಬಾಯಿಂದ ಮಾತು ತಾನಾಗಿ ಬಂತು. "ಹಂಗ ಅನಬಾರದವ್ವಾ. ಬರ್ತೀನಿ ಅನ್ನು."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಮುಖ ಅರಳಿತು. "ಬರ್ತೀನಿ," ಎಂದು ಎರಡೂ ಕೈಗಳನ್ನು ಕಿಟಕಿಯಿಂದ ಹೊರಗೆ, ನನ್ನ ಕಡೆಗೆ ಚಾಚಿದಳು, ಎತ್ತಿಕೋ ಎಂದು.

ಕಂಡಕ್ಟರ್ ಸೀಟಿ ಊದಿದ.

"ಇವತ್ತಲ್ಲವ್ವಾ," ಎಂದೆ. "ಬರೋ ತಿಂಗಳು."

"ಹೂಂ," ಎಂದು ಕೈ ಒಳಗೆ ತೆಗೆದುಕೊಂಡಳು. ಅಳಲಿಲ್ಲ. ಇದ್ದದ್ದು ಇದ್ದಂಗ ಹೇಳಿದರ ಎದ್ದು ಬಂದು ಎದಿಗೆ ಒದ್ದರಂತ ಎಂದೊಂದು ಗಾದೆ ಇದೆ. ಹೇಳಿದವನು ನಾನು, ಒದೆ ತಿಂದ ಎದೆಯೂ ನನ್ನದೇ.