ಖರ್ಚಿನ ಹಾಳೆಯಲ್ಲಿ ಇಲ್ಲದ ಕೈ

ಪುಣೆಯ ನಮ್ಮ ಆಸ್ಪತ್ರೆಗೆ ಹೊಸ ಯೋಜನೆ ಬಂದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಹೊಟ್ಟೆಯ ಆಪರೇಶನ್ ಆದವರನ್ನು ಬಾಯಿ ಒಣಗಿಸಿ, ನಾಲ್ಕು ದಿನ ಹಾಸಿಗೆಗೆ ಅಂಟಿಸಿ ಮಲಗಿಸುವ ಕೆಲಸವನ್ನು ಇಪ್ಪತ್ತು ವರ್ಷ ಮಾಡಿದ್ದೆ. ಹೊಸ ಪದ್ಧತಿಯಲ್ಲಿ ಅದೇ ಸಂಜೆ ಎಬ್ಬಿಸಿ ಕೂರಿಸಬೇಕು, ಮರುದಿನ ನಡೆಸಬೇಕು, ಬೇಗ ಗಂಜಿ ಕೊಡಬೇಕು, ಬೇಗ ಮನೆಗೆ ಕಳಿಸಬೇಕು. ಒಳ್ಳೆಯದೇ. ನನಗೆ ಜಗಳ ಇದ್ದದ್ದು ಯೋಜನೆಯ ಜೊತೆಗಲ್ಲ, ಅದರ ಖರ್ಚಿನ ಹಾಳೆಯ ಜೊತೆ.

ಆ ಹಾಳೆಯಲ್ಲಿ ಡಾಕ್ಟರರ ತರಬೇತಿ ಇತ್ತು, ನೋವಿನ ಔಷಧಿಯ ಪಂಪುಗಳಿದ್ದವು, ಗೋಡೆಗೆ ಹಚ್ಚುವ ಬಣ್ಣದ ಚಿತ್ರಗಳೂ ಇದ್ದವು. ‘ರೋಗಿಯನ್ನು ನಡೆಸುವುದು’ ಎಂಬ ಸಾಲಿನ ಮುಂದೆ ಮಾತ್ರ ಸೊನ್ನೆ. ಯಾರು ನಡೆಸುತ್ತಾರೆ ಎಂದು ಸಭೆಯಲ್ಲಿ ಕೇಳಿದೆ.

“ರೋಗಿಯ ಕಡೆಯವರು,” ಎಂದರು ಆಡಳಿತಾಧಿಕಾರಿ, ಮರಾಠಿಯಲ್ಲಿ, ಬಹಳ ನಯವಾಗಿ. “ನಡೆಯುವುದಕ್ಕೂ ದುಡ್ಡು ಬೀಳುತ್ತದೆಯೇ ಸಿಸ್ಟರ್?”

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ಸುಮ್ಮನಾದೆ. ಆ ಸುಮ್ಮನಾದದ್ದೇ ತಪ್ಪು.

ನನ್ನ ವಾರ್ಡಿನಲ್ಲಿ ಮೂವತ್ತು ಬೆಡ್. ಬೆಳಗಿನ ಪಾಳಿಗೆ ನಾನು, ಇಬ್ಬರು ನರ್ಸುಗಳು, ಒಬ್ಬ ಆಯಾ. ಆಪರೇಶನ್ ಆದವರನ್ನು ನಡೆಸುವುದೆಂದರೆ ಸಲೈನ್ ಸ್ಟ್ಯಾಂಡ್ ತಳ್ಳಲು ಒಂದು ಕೈ, ಮೂತ್ರದ ಚೀಲ ಹಿಡಿಯಲು ಒಂದು ಕೈ, ಆಸರೆಗೆ ಒಂದು ಹೆಗಲು ಬೇಕು. ಒಬ್ಬರಿಗೆ ಅರ್ಧ ತಾಸು ಹಿಡಿಯುತ್ತದೆ.

ಚಿಂಚವಾಡದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಕರುಳಿನ ಆಪರೇಶನ್ನಿಗೆ ಬಂದರು. ಮೂಲ ಬೆಳಗಾವಿ ಕಡೆಯವರು. ಹೆಂಡತಿ ತೀರಿಹೋಗಿದ್ದಳು, ಮಗನಿಗೆ ಪಾಳಿಯ ಕೆಲಸ. ಹಗಲು ಜೊತೆಗಿದ್ದವಳು ಸೊಸೆ. ತಲೆಯ ಮೇಲೆ ಸೆರಗು. ಮಾವನ ಎದುರು ಕುರ್ಚಿಯಲ್ಲಿ ಕೂರುವವಳಲ್ಲ, ದಿನವಿಡೀ ಗೋಡೆಗೊರಗಿ ನಿಂತೇ ಇರುತ್ತಿದ್ದಳು. ಧಾರವಾಡದ ಕಡೆ ನನ್ನ ತವರಿನಲ್ಲೂ ಇದೇ ರಿವಾಜು. ಗೊತ್ತಿದ್ದೂ ನಾನು ಆ ಹಿರಿಯರ ಕೇಸ್ ಹಾಳೆಯಲ್ಲಿ ‘ನಡೆಸುವವರು: ಸೊಸೆ’ ಎಂದು ಬರೆದೆ.

“ಮಾವನ ಕೈ ನಿನ್ನ ಹೆಗಲ ಮ್ಯಾಲ ಇಟಗೊಂಡು ನಡಸವಾ,” ಎಂದು ಆಪರೇಶನ್ನಿನ ಮರುದಿನ ಬೆಳಿಗ್ಗೆ ಅವಳಿಗೆ ಹೇಳಿ ಇನ್ನೊಂದು ಬೆಡ್ಡಿಗೆ ಓಡಿದೆ. ಅವಳು ತಲೆ ತಗ್ಗಿಸಿ ಹೂಂ ಎಂದಳು.

ಮುಂದಿನದನ್ನು ಪಕ್ಕದ ಬೆಡ್ಡಿನವರು ಹೇಳಿದರು. ಸೊಸೆಯ ಹೆಗಲು ಮುಟ್ಟಲು ಮಾವನಿಗೆ ಸಂಕೋಚ, ಮಾವನ ತೋಳು ಹಿಡಿಯಲು ಸೊಸೆಗೆ ಸಂಕೋಚ. “ನೀ ಚೀಲಾ ಹಿಡಿಯವಾ, ನಾ ಇದನ್ನ ಹಿಡಕೊಂಡು ನಡೀತೇನಿ,” ಎಂದು ಅವರು ಸಲೈನ್ ಸ್ಟ್ಯಾಂಡಿನ ಮೇಲೇ ಭಾರ ಹಾಕಿದರು. ಅದಕ್ಕೆ ಗಾಲಿಗಳಿರುತ್ತವೆ. ಮೂರನೇ ಹೆಜ್ಜೆಗೆ ಅದು ಮುಂದೆ ಓಡಿತು, ಅವರು ಬಿದ್ದರು.

ಜೀವಕ್ಕೇನೂ ಆಗಲಿಲ್ಲ. ಬಿಚ್ಚಿಹೋದ ಹೊಲಿಗೆ ಮತ್ತೆ ಹಾಕಿದರು, ಇನ್ನೊಂದು ವಾರ ಹಾಸಿಗೆಯೇ ಗತಿಯಾಯಿತು. ಬೇಗ ಕಳಿಸಿ ಉಳಿಸಬೇಕೆಂದಿದ್ದ ಖರ್ಚೆಲ್ಲ ಅಲ್ಲೇ ಹೋಯಿತು.

ಮಧ್ಯಾಹ್ನ ಆಡಳಿತಾಧಿಕಾರಿ ಒಂದು ಫಾರ್ಮ್ ಹಿಡಿದು ವಾರ್ಡಿಗೇ ಬಂದರು. ‘ಕಾರಣ’ ಎಂಬಲ್ಲಿ ತಾವೇ ತುಂಬಿದ್ದರು: ರೋಗಿಯ ಸೊಸೆಯ ನಿರ್ಲಕ್ಷ್ಯ. ನನ್ನ ಸಹಿಯೊಂದೇ ಬಾಕಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಫಾರ್ಮಿನ ಒಂದು ಪ್ರತಿ ಮಗನ ಕೈಗೆ ಹೋಗುತ್ತದೆ; ಆಮೇಲೆ ಆ ಮನೆಯಲ್ಲಿ ಅವಳು ಸಾಯುವ ತನಕ ಮಾವನನ್ನು ಬೀಳಿಸಿದ ಸೊಸೆ.

“ಇದಕ್ಕೆ ನಾನು ಸಹಿ ಹಾಕುವುದಿಲ್ಲ,” ಎಂದೆ.

“ಬರೀ ಫಾರ್ಮಾಲಿಟಿ, ಸಿಸ್ಟರ್.”

“ಹಾಗಾದರೆ ಅವಳ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ.”

ಅವರ ಮುಖ ಕೆಂಪಾಯಿತು. ಅಷ್ಟಕ್ಕೇ ಬಿಡಲಿಲ್ಲ ನಾನು. ಹನ್ನೆರಡನೇ ಬೆಡ್ಡಿನವರನ್ನು ನಡೆಸುವ ಹೊತ್ತಾಗಿತ್ತು. ಖರ್ಚು ಸೊನ್ನೆಯ ಕೆಲಸ, ನೀವೂ ಬನ್ನಿ ಎಂದು ಮೂತ್ರದ ಚೀಲವನ್ನು ಅವರ ಒಂದು ಕೈಗೂ ಸಲೈನ್ ಸ್ಟ್ಯಾಂಡನ್ನು ಇನ್ನೊಂದು ಕೈಗೂ ಕೊಟ್ಟೆ. ರೋಗಿಯ ಎದುರು ಇಲ್ಲ ಎನ್ನಲಾಗದೆ ಬಂದರು. ಬಾಗಿಲ ತನಕ ಹೋಗಿ ಬರುವಷ್ಟರಲ್ಲಿ ಅವರ ಜೇಬಿನ ಫೋನು ನಾಲ್ಕು ಸಲ ಬಡಿದುಕೊಂಡಿತು. ಎತ್ತಲು ಕೈ ಖಾಲಿ ಇರಲಿಲ್ಲ.

ಅವರು ಹೋದ ಮೇಲೆ ಹೊಸ ಫಾರ್ಮ್ ತೆಗೆದು ನಾನೇ ಬರೆದೆ: ‘ನಡೆಸಲು ಸಿಬ್ಬಂದಿ ಕೊಟ್ಟಿರಲಿಲ್ಲ. ಸೊಸೆಯಿಂದ ಆಗದೆಂದು ಗೊತ್ತಿದ್ದೂ ಅವಳನ್ನು ನೇಮಿಸಿದವಳು ನಾನು. ಈ ಯೋಜನೆಗೆ ಪ್ರತಿ ಪಾಳಿಗೂ ಒಬ್ಬರು ಹೆಚ್ಚಿಗೆ ಬೇಕು.’ ಕೆಳಗೆ ಸಹಿ ಹಾಕಿದೆ.

ನನಗೆ ಮೆಮೊ ಬಂತು, ಆ ವರ್ಷದ ಬಡ್ತಿ ತಪ್ಪಿತು. ಮೆಮೊವನ್ನು ಲಾಕರಿನ ಬಾಗಿಲಿಗೆ ಒಳಗಿನಿಂದ ಅಂಟಿಸಿಕೊಂಡಿದ್ದೇನೆ. ಕೆಲವು ತಿಂಗಳ ಮೇಲೆ ಬೆಳಗಿನ ಪಾಳಿಗೆ ಒಬ್ಬಳನ್ನು ಕೊಟ್ಟರು. ಸಂಜೆಗೆ ಇನ್ನೂ ಕೊಟ್ಟಿಲ್ಲ. ಪ್ರತಿ ತಿಂಗಳೂ ಬರೆಯುತ್ತೇನೆ, ಬರೆಯುತ್ತಲೇ ಇರುತ್ತೇನೆ.

ಆ ಹಿರಿಯರು ಮನೆಗೆ ಹೊರಟ ದಿನ ಔಷಧಿಯ ಚೀಟಿ ಕೊಡಲು ಹೋದೆ. ಸೊಸೆ ಎಂದಿನಂತೆ ಗೋಡೆಗೊರಗಿ ನಿಂತಿದ್ದಳು.

“ಅಕ್ಕಾರ,” ಎಂದಳು, ಮಾವನಿಗೆ ಕೇಳದಷ್ಟು ಮೆಲ್ಲಗೆ. “ಬಿದ್ದಿದ್ದರ ಕಾಗದದಾಗ ನನ್ನ ಹೆಸರು ಬರದಾರೇನ್ರಿ?”

“ಇಲ್ಲವ್ವಾ. ನಂದು ಅದ.”

ಮಾವನಿಗೆ ಕೇಳಿಸಿತ್ತು. ಅವರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: “ಕುರ್ಚಿ ಮ್ಯಾಲ ಕೂಡವಾ. ನಿಂತು ನಿಂತು ಕಾಲು ಬಾತಾವು.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೂತಳು.